ಮನೆಯ ನೆಲದಡಿಯ ಗಾಳಿ

ಮನೆ ಕಟ್ಟುವ ಮುನ್ನ ನಮ್ಮ ಹಿರಿಯರು ನೀರಿನ ಸೆಲೆಯನ್ನು ನೋಡುತ್ತಿದ್ದರು, ಮಣ್ಣಿನ ಗುಣವನ್ನು ವಿಚಾರಿಸುತ್ತಿದ್ದರು, ಗಾಳಿ ಬೆಳಕು ಧಾರಾಳವಾಗಿ ಬರುವಂತೆ ಬಾಗಿಲು ಕಿಟಕಿಗಳನ್ನು ಇಡಿಸುತ್ತಿದ್ದರು. ಇಂದು ನಮ್ಮ ಅನೇಕ ಮನೆತನಗಳ ಮಕ್ಕಳು ಅಮೆರಿಕದ ನಗರಗಳ ಹೊರವಲಯಗಳಲ್ಲಿ ಸ್ವಂತ ಮನೆ ಕೊಂಡು ಸಂಸಾರ ಹೂಡಿದ್ದಾರೆ. ಶಾಲೆ ಹತ್ತಿರವಿದೆಯೇ, ನೆರೆಹೊರೆ ಒಳ್ಳೆಯದೇ, ಸಾಲದ ಕಂತು ಎಷ್ಟು ಎಂಬುದನ್ನೆಲ್ಲ ಅವರು ವಿಚಾರಿಸುತ್ತಾರೆ. ಅವುಗಳ ಜೊತೆಗೆ ವಿಚಾರಿಸಲೇಬೇಕಾದ ಇನ್ನೊಂದು ಸಂಗತಿ ಆ ನಾಡಿನಲ್ಲಿದೆ. ಅದೇ ರೇಡಾನ್ ಎಂಬ ಅನಿಲ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳ ಪಾಲನೆಗೆಂದೋ ಇಲ್ಲಿಂದ ಹೋಗಿಬರುವ ತಂದೆತಾಯಿಗಳೂ ತಿಳಿದಿರಬೇಕಾದ ವಿಷಯವಿದಾದ್ದರಿಂದ ಈ ತಿಂಗಳು ಇದನ್ನೇ ಎತ್ತಿಕೊಂಡಿದ್ದೇವೆ.

ರೇಡಾನ್ ಯಾವ ಕಾರ್ಖಾನೆಯಿಂದಲೂ ಹೊರಟ ವಿಷವಲ್ಲ. ಭೂಮಿಯ ಕಲ್ಲುಮಣ್ಣುಗಳಲ್ಲಿ ಅಲ್ಪಾಂಶದಲ್ಲಿ ಯುರೇನಿಯಂ ಇದ್ದೇ ಇರುತ್ತದೆ. ಅದು ಯುಗಯುಗಗಳ ಕಾಲ ಕ್ಷಯಿಸುತ್ತ ರೇಡಿಯಂ ಆಗುತ್ತದೆ. ರೇಡಿಯಂ ಕ್ಷಯಿಸಿ ರೇಡಾನ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಸುಮಾರು 3.8 ದಿನಗಳಲ್ಲಿ ಇದರ ಅರ್ಧಭಾಗ ಕ್ಷಯಿಸಿ ಪೊಲೋನಿಯಂ ಮೊದಲಾದ ಘನಕಣಗಳಾಗಿ ಮಾರ್ಪಡುತ್ತದೆ. ಉಸಿರಿನೊಡನೆ ಒಳಹೊಕ್ಕ ಈ ಕಣಗಳು ಶ್ವಾಸಕೋಶದ ಒಳಪದರಕ್ಕೆ ಅಂಟಿ, ಅಲ್ಲಿಯೇ ಆಲ್ಫಾ ವಿಕಿರಣವನ್ನು ಸೂಸುತ್ತವೆ. ವರ್ಷಗಳ ಪರ್ಯಂತ ಹೀಗೆ ನಡೆದರೆ ಜೀವಕೋಶಗಳು ಕೆಟ್ಟು ಕ್ಯಾನ್ಸರಿಗೆ ದಾರಿಯಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ರೇಡಾನನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು.

ಬಯಲಿನಲ್ಲಿ ಈ ಅನಿಲವು ಗಾಳಿಯಲ್ಲಿ ಬೆರೆತು ಚದುರಿಹೋಗುತ್ತದೆ. ಮುಚ್ಚಿದ ಮನೆಯಲ್ಲಿ ಹಾಗಾಗದು. ಚಳಿನಾಡಿನ ಮನೆಯನ್ನು ತಿಂಗಳುಗಟ್ಟಲೆ ಕಿಟಕಿ ಮುಚ್ಚಿ ಬೆಚ್ಚಗಿಡಬೇಕಾಗುತ್ತದೆ. ಬಿಸಿಯಾದ ಗಾಳಿ ಮೇಲಕ್ಕೇರಿ ಸಂದುಗೊಂದುಗಳಿಂದ ಹೊರಹೋಗುತ್ತಿದ್ದಂತೆ ಕೆಳ ಅಂತಸ್ತಿನ ಒತ್ತಡ ತಗ್ಗುತ್ತದೆ. ಆಗ ಮನೆಯು, ಒಲೆಯ ಮೇಲಿನ ಹೊಗೆಗೊಳವೆ ಹೊಗೆಯನ್ನು ಸೆಳೆಯುವಂತೆ, ತನ್ನ ಬುಡದ ಮಣ್ಣಿನ ಗಾಳಿಯನ್ನು ಒಳಗೆ ಸೆಳೆದುಕೊಳ್ಳುತ್ತದೆ. ಕಾಂಕ್ರೀಟಿನ ಬಿರುಕು, ಕೊಳವೆಗಳ ಸುತ್ತಲಿನ ಸಂದು, ನೆಲಮಾಳಿಗೆಯ ನೀರಿನ ಗುಂಡಿ, ಇವೆಲ್ಲ ಅದರ ಪ್ರವೇಶದ್ವಾರಗಳು. ಆದುದರಿಂದಲೇ ನೆಲಮಾಳಿಗೆಯಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ ಅಧಿಕ. ಆ ನಾಡಿನಲ್ಲಿ ಮಕ್ಕಳು ಆಡುವ ಕೋಣೆ, ಯಜಮಾನನ ಕಚೇರಿಯ ಮೇಜು, ಊರಿಂದ ಬಂದ ಹಿರಿಯರ ಹಾಸಿಗೆ, ಹಲವೊಮ್ಮೆ ಇವೆಲ್ಲವೂ ಇರುವುದು ಅಲ್ಲಿಯೇ.

ಮನೆಗಳಲ್ಲಿಯೂ ಈ ಅಪಾಯವುಂಟೆಂದು ಅಮೆರಿಕದ ಜನ ಎಚ್ಚೆತ್ತ ಬಗೆ ವಿಚಿತ್ರವಾದುದು. ಪೆನ್ಸಿಲ್ವೇನಿಯಾ ರಾಜ್ಯದ ಲಿಮರಿಕ್ ಅಣುವಿದ್ಯುತ್ ಸ್ಥಾವರದಲ್ಲಿ ಸ್ಟಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಕೆಲಸದಲ್ಲಿದ್ದರು. 1984ರ ಡಿಸೆಂಬರಿನಲ್ಲಿ ಅಲ್ಲಿಯ ವಿಕಿರಣ ಎಚ್ಚರಿಕೆಯ ಯಂತ್ರಗಳು ಅವರನ್ನು ಕಂಡೊಡನೆ ಮೊಳಗತೊಡಗಿದವು. ಸ್ಥಾವರವಾದರೋ ಇನ್ನೂ ವಿದ್ಯುತ್ ಪೂರೈಕೆಯನ್ನು ಆರಂಭಿಸಿರಲಿಲ್ಲ. ಕೊನೆಗೆ ಅವರ ಮನೆಯನ್ನೇ ಪರೀಕ್ಷಿಸಲಾಗಿ, ಅಲ್ಲಿಯ ಒಂದು ಲೀಟರ್ ಗಾಳಿಯಲ್ಲಿ ಸುಮಾರು 2,700 ಪಿಕೊಕ್ಯೂರಿ ರೇಡಾನ್ ಇತ್ತು! ಸ್ಥಾವರದಿಂದ ಮನೆಗೆ ವಿಕಿರಣವನ್ನು ತರುವ ಬದಲು ಅವರು ಮನೆಯಿಂದಲೇ ಸ್ಥಾವರಕ್ಕೆ ಒಯ್ಯುತ್ತಿದ್ದರು. ಆ ಕುಟುಂಬವು ಮನೆ ಬಿಟ್ಟು ಹೊರಡಬೇಕಾಯಿತು. ಆದರೆ ತಜ್ಞರು ಮನೆಯನ್ನು ದುರಸ್ತಿ ಮಾಡಿದ ಮೇಲೆ, ಕೆಲವು ತಿಂಗಳುಗಳ ಬಳಿಕ, ಅದೇ ಕುಟುಂಬ ಅದೇ ಮನೆಗೆ ಮರಳಿ ಬಂದು ನೆಲೆಸಿತು. ಈ ವೃತ್ತಾಂತದ ಮೊದಲ ಭಾಗವನ್ನು ಕೇಳಿ ಭಯಪಡುವವರು ಎರಡನೆಯ ಭಾಗವನ್ನೂ ನೆನಪಿನಲ್ಲಿಡಬೇಕೆಂಬುದು ನಮ್ಮ ವಿನಂತಿ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಲೀಟರಿಗೆ 4 ಪಿಕೊಕ್ಯೂರಿಯನ್ನು ಕ್ರಮ ಕೈಗೊಳ್ಳಬೇಕಾದ ಮಟ್ಟವೆಂದು ಗೊತ್ತುಪಡಿಸಿದೆ. ಅಂದರೆ ಒಂದು ಲೀಟರ್ ಗಾಳಿಯಲ್ಲಿ ನಿಮಿಷಕ್ಕೆ ಸುಮಾರು 9 ರೇಡಾನ್ ಪರಮಾಣುಗಳು ಕ್ಷಯಿಸುವಷ್ಟು. 2ರಿಂದ 4ರ ನಡುವೆ ಇದ್ದರೂ ದುರಸ್ತಿಯನ್ನು ಆಲೋಚಿಸಿರೆಂದೇ ಅದರ ಸಲಹೆ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಸೂಚಿಸಿದ ಮಟ್ಟ ಇನ್ನೂ ಕಡಿಮೆ. ಘನಮೀಟರಿಗೆ 100 ಬೆಕೆರೆಲ್, ಎಂದರೆ ಸುಮಾರು 2.7 ಪಿಕೊಕ್ಯೂರಿ. ಆ ದೇಶದ ಪ್ರತಿ 15 ಮನೆಗಳಲ್ಲಿ ಒಂದರಲ್ಲಿ 4 ಅಥವಾ ಅದಕ್ಕೂ ಮಿಕ್ಕಿದ ಪ್ರಮಾಣವಿದೆಯೆಂದೂ, ವರ್ಷಕ್ಕೆ ಸುಮಾರು 21,000 ಜನ ಇದರಿಂದಾದ ಶ್ವಾಸಕೋಶ ಕ್ಯಾನ್ಸರಿನಿಂದ ಮೃತರಾಗುತ್ತಾರೆಂದೂ ಪರಿಸರ ಸಂಸ್ಥೆಯ ಅಂದಾಜು. ಜೀವಮಾನವೆಲ್ಲ 4ರ ಮಟ್ಟದ ಗಾಳಿಯನ್ನು ಉಸಿರಾಡಿದರೆ, ಎಂದೂ ಧೂಮಪಾನ ಮಾಡದ 1,000 ಜನರಲ್ಲಿ 7 ಮಂದಿಗೆ ಈ ರೋಗ ಬರಬಹುದು. ಧೂಮಪಾನಿಗಳಲ್ಲಾದರೆ 62 ಮಂದಿಗೆ. ಮನೆಯಲ್ಲಿ ಬೀಡಿ ಸಿಗರೇಟಿನ ಅಭ್ಯಾಸ ಉಳ್ಳವರು ಈ ಎರಡು ಅಂಕಿಗಳ ಅಂತರವನ್ನು ಮತ್ತೊಮ್ಮೆ ಓದಲಿ.

ನಾಲ್ಕಾರು ತಿಂಗಳು ಇದ್ದು ಬರುವ ಅತಿಥಿಗಳಿಗೆ ಇದರಿಂದ ಒದಗುವ ಅಪಾಯ ಅಲ್ಪ. ಅಲ್ಲಿಯೇ ಬೆಳೆದು ದೊಡ್ಡವರಾಗುವ ಮಕ್ಕಳಿಗೆ, ಇಪ್ಪತ್ತು ಮೂವತ್ತು ವರ್ಷ ಅದೇ ಸೂರಿನಡಿ ಬಾಳುವ ದಂಪತಿಗಳಿಗೆ ಅದು ಅಲ್ಪವಲ್ಲ. ಆದರೂ ಪರೀಕ್ಷೆಯ ಮಾತೆತ್ತಿದರೆ ಮೂರು ಉತ್ತರಗಳು ಬರುವುದುಂಟು. "ಯಾರಿಗೂ ಏನೂ ಆಗಿಲ್ಲ" ಎಂಬುದು ಮೊದಲನೆಯದು. ರೇಡಾನ್ ಕೆಮ್ಮನ್ನಾಗಲಿ ತಲೆನೋವನ್ನಾಗಲಿ ಮುನ್ಸೂಚನೆಯಾಗಿ ಕೊಡುವುದಿಲ್ಲ. ರೋಗ ತಲೆದೋರಲು ಅನೇಕ ವರ್ಷಗಳು ಹಿಡಿಯುತ್ತವೆ. "ನಮ್ಮದು ಹೊಸ ಮನೆ" ಎಂಬುದು ಎರಡನೆಯದು. ಹಳೆಯದು ಹೊಸದೆಂಬ ಭೇದ ಮಣ್ಣಿನ ಗಾಳಿಗಿಲ್ಲ. "ಪಕ್ಕದ ಮನೆಯವರು ನೋಡಿಸಿದರು, ಸರಿಯಾಗಿದೆಯಂತೆ" ಎಂಬುದು ಮೂರನೆಯದು. ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಲ್ಲಿ ಪ್ರಮಾಣವು ಬೇರೆಬೇರೆಯಾಗಿರುವುದು ಸರ್ವೇಸಾಮಾನ್ಯ. ನೆರೆಮನೆಯ ಅಂಕಿ ನೆರೆಮನೆಗೆ. ನಮ್ಮ ಮನೆಯದನ್ನು ನಾವೇ ಅಳೆಯಬೇಕು. ಅಡಿಗೆಮನೆಯ ಗ್ರಾನೈಟ್ ಹಾಸಿನ ಬಗ್ಗೆ ಚಿಂತಿಸುವವರೂ ಇದ್ದಾರೆ. ಅದರಿಂದ ಬರುವುದು ಸಾಮಾನ್ಯವಾಗಿ ಅತ್ಯಲ್ಪ. ಮುಖ್ಯ ಮೂಲ ಮನೆಯಡಿಯ ಮಣ್ಣೇ.

ಅಳೆಯುವುದು ಕಷ್ಟದ ಕೆಲಸವಲ್ಲ. ಇದ್ದಿಲು ತುಂಬಿದ ಚಿಕ್ಕ ಡಬ್ಬಿಗಳು ಆ ದೇಶದ ಅಂಗಡಿಗಳಲ್ಲಿ ದೊರೆಯುತ್ತವೆ. ಜನ ವಾಸಿಸುವ ಅತಿ ಕೆಳಗಿನ ಅಂತಸ್ತಿನಲ್ಲಿ, ನೆಲದಿಂದ ಕನಿಷ್ಠ 20 ಅಂಗುಲ ಎತ್ತರದಲ್ಲಿ ಅದನ್ನಿಡಬೇಕು. ಅಡಿಗೆಮನೆ, ಬಚ್ಚಲುಮನೆಗಳು ಸಲ್ಲವು. ಕಿಟಕಿಯ ಬಳಿಯೂ ಗಾಳಿ ಬೀಸುವಲ್ಲಿಯೂ ಇಡಬಾರದು. ಅಲ್ಪಾವಧಿಯ ಪರೀಕ್ಷೆ ಆರಂಭವಾಗುವ 12 ಗಂಟೆಗಳ ಮೊದಲಿನಿಂದಲೂ ಮುಗಿಯುವ ತನಕವೂ ಕಿಟಕಿಗಳನ್ನೂ ಹೊರಬಾಗಿಲುಗಳನ್ನೂ ಮುಚ್ಚಿರಬೇಕು. ಹೋಗಿಬರಲು ಮಾತ್ರ ಬಾಗಿಲು ತೆರೆಯಬಹುದು. ನಿಗದಿತ ದಿನಗಳಾದ ಕೂಡಲೇ ತಡಮಾಡದೆ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಫಲಿತಾಂಶ 4 ಅಥವಾ ಅದಕ್ಕಿಂತ ಹೆಚ್ಚಾದರೆ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ದಿನದಿನಕ್ಕೂ ಋತುಋತುವಿಗೂ ಪ್ರಮಾಣ ಏರಿಳಿಯುವುದರಿಂದ, 90 ದಿನಗಳಿಗೆ ಮೀರಿದ ದೀರ್ಘಾವಧಿಯ ಪರೀಕ್ಷೆಯು ವರ್ಷದ ಸರಾಸರಿಯನ್ನು ಹೆಚ್ಚು ಸರಿಯಾಗಿ ತಿಳಿಸುತ್ತದೆ. ಮೊದಲ ಅಂಕಿಯೇ 8ನ್ನು ಮೀರಿದ್ದರೆ ಮಾತ್ರ ದೀರ್ಘಾವಧಿಗಾಗಿ ಕಾಯದೆ ಕೂಡಲೇ ಎರಡನೆಯ ಅಲ್ಪಾವಧಿ ಪರೀಕ್ಷೆ ಮಾಡಿಸುವುದು ಯುಕ್ತ.

ಪ್ರಮಾಣ ಹೆಚ್ಚಿದ್ದರೆ ಪರಿಹಾರವೂ ಸಿದ್ಧವಿದೆ. ಕಿಟಕಿ ತೆರೆದರೆ ತಾತ್ಕಾಲಿಕವಾಗಿ ಇಳಿಯುತ್ತದೆ, ಮುಚ್ಚಿದೊಡನೆ ಮತ್ತೆ ಏರುತ್ತದೆ. ಬಿರುಕುಗಳಿಗೆ ಮೆತ್ತುವುದೊಂದೇ ಸಾಲದು. ಬಹುಮಟ್ಟಿಗೆ ಅನುಸರಿಸುವ ವಿಧಾನವೆಂದರೆ, ಕಾಂಕ್ರೀಟ್ ನೆಲದಲ್ಲಿ ರಂಧ್ರ ಕೊರೆದು, ಪಿವಿಸಿ ಕೊಳವೆ ಇಳಿಸಿ, ಹಗಲಿರುಳೂ ತಿರುಗುವ ಫ್ಯಾನಿನ ಮೂಲಕ ಅಡಿಯ ಗಾಳಿಯನ್ನು ಹೀರಿ ಛಾವಣಿಯ ಮೇಲೆ ಬಿಡುವುದು. ಫ್ಯಾನನ್ನು ವಾಸದ ಕೋಣೆಗಳಲ್ಲಾಗಲಿ ನೆಲಮಾಳಿಗೆಯಲ್ಲಾಗಲಿ ಇಡದೆ, ಅಟ್ಟದಲ್ಲಿಯೋ ಮನೆಯ ಹೊರಗೋ ಅಳವಡಿಸಬೇಕು. ನೆಲ ಮಣ್ಣಿನದಾದರೆ ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಸಿ ಅಡಿಯಿಂದ ಗಾಳಿ ಹೀರುತ್ತಾರೆ. ಸರಿಯಾಗಿ ಅಳವಡಿಸಿದಲ್ಲಿ ಕೆಲವು ವ್ಯವಸ್ಥೆಗಳು ರೇಡಾನನ್ನು ಶೇಕಡಾ 99ರವರೆಗೂ ತಗ್ಗಿಸಬಲ್ಲವು. ಈ ಕೆಲಸವನ್ನು ಅರ್ಹತೆ ಪಡೆದ ತಜ್ಞರಿಂದಲೇ ಮಾಡಿಸಬೇಕು; ಮುಗಿದ 30 ದಿನಗಳೊಳಗೆ ಮತ್ತೊಮ್ಮೆ ಅಳೆಯಬೇಕು; ಆಮೇಲೆ ಎರಡು ವರ್ಷಗಳಿಗೊಮ್ಮೆಯಾದರೂ ಅಳೆಯುತ್ತಿರಬೇಕು. ಕೊಳವೆಗೆ ಜೋಡಿಸಿದ ಒತ್ತಡಮಾಪಕದ ಮೇಲೆ ಆಗಾಗ ಕಣ್ಣಾಡಿಸಿದರೆ ಫ್ಯಾನ್ ನಿಂತುಹೋದದ್ದು ತಿಳಿಯುತ್ತದೆ.

ಆದ್ದರಿಂದ, ಕೊಳ್ಳಬೇಕೆಂದಿರುವ ಮನೆಯಲ್ಲಿ ರೇಡಾನ್ ಹೆಚ್ಚಿದೆಯೆಂದು ವರದಿ ಬಂದರೆ ಆ ಮನೆಯನ್ನೇ ಕೈಬಿಡಬೇಕಾಗಿಲ್ಲ. ಮಾರುವವರೊಡನೆ ಮಾತಾಡಿ ದುರಸ್ತಿಯ ಹೊಣೆಯನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬಹುದು. ಈಗಾಗಲೇ ವಾಸವಿರುವವರು ಕೆಟ್ಟ ಅಂಕಿ ಬಂದೀತೆಂಬ ಅಂಜಿಕೆಯಿಂದ ಅಳೆಯುವುದನ್ನೇ ಮುಂದೂಡಬಾರದು. ಅಳೆಯದಿದ್ದ ಮಾತ್ರಕ್ಕೆ ಗಾಳಿ ಶುದ್ಧವಾಗದು. ಇದನ್ನು ಓದುವ ಹಿರಿಯರು ಮುಂದಿನ ಬಾರಿ ಮಕ್ಕಳೊಡನೆ ದೂರವಾಣಿಯಲ್ಲಿ ಮಾತನಾಡುವಾಗ, ಮೊಮ್ಮಕ್ಕಳ ಕ್ಷೇಮ ವಿಚಾರಿಸಿದ ಮೇಲೆ, "ಮನೆಯ ರೇಡಾನ್ ಅಳೆಸಿದ್ದೀರಾ?" ಎಂಬ ಮಾತನ್ನೂ ಸೇರಿಸಲಿ. ಇಲ್ಲವೆಂದರೆ ಅಳೆಸುವ ತನಕ ಬಿಡದೆ ಕೇಳಲಿ.