ಆರಕ್ಷರದ ಹೋಲಿಕೆಯಿಂದ ನಂಟು ಸಾಬೀತಾಗದು

2020ರ ಜನವರಿ 31ರಂದು ದೆಹಲಿಯ ವಿಜ್ಞಾನಿಗಳ ತಂಡವೊಂದು, ತಜ್ಞರ ಪರಿಶೀಲನೆ ಇನ್ನೂ ಆಗಿರದ ಪ್ರಬಂಧವೊಂದನ್ನು ಬಯೋಆರ್ಕೈವ್ ಜಾಲತಾಣಕ್ಕೆ ಹಾಕಿತು. ಹೊಸ ಕೊರೊನಾ ವೈರಸ್‌ನ ಸ್ಪೈಕ್ ಪ್ರೋಟೀನಿನಲ್ಲಿ ನಾಲ್ಕು ಹೊಸ ತುಣುಕುಗಳಿವೆ, ಅವು ಎಚ್‌ಐವಿಯ ಪ್ರೋಟೀನುಗಳನ್ನು ಹೋಲುತ್ತವೆ, ಇದು ಆಕಸ್ಮಿಕವಿರಲಾರದು ಎಂಬುದು ಅದರ ವಾದ. ಟೀಕೆಗಳು ಬಂದದ್ದೇ ತಡ, ಎರಡು ದಿನದಲ್ಲಿ ಲೇಖಕರೇ ಅದನ್ನು ಹಿಂಪಡೆದರು. ಅದು ಪ್ರಾಮಾಣಿಕ ನಡೆ. ಆದರೆ ಅಷ್ಟರಲ್ಲಿ ವೈರಸ್ಸನ್ನು ಯಾರೋ ಬೇಕೆಂದೇ ತಯಾರಿಸಿದ್ದಾರೆ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಬ್ಬಿಯಾಗಿತ್ತು.

ಲೆಕ್ಕ ತಪ್ಪಿದ್ದೆಲ್ಲಿ? ಪ್ರೋಟೀನುಗಳಲ್ಲಿ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಿದ್ದು, ಒಂದೊಂದಕ್ಕೂ ಒಂದೊಂದು ಅಕ್ಷರದ ಗುರುತಿದೆ. ಪ್ರಬಂಧದ ಮೊದಲ ತುಣುಕಿನಲ್ಲಿ ಎಚ್‌ಐವಿಗೆ ಹೊಂದಿದ್ದು ಆರೇ ಅಕ್ಷರ: ಟಿ, ಎನ್, ಜಿ, ಟಿ, ಕೆ, ಆರ್. ಇಪ್ಪತ್ತು ಅಕ್ಷರಗಳಿಂದ ಕಟ್ಟಬಹುದಾದ ಆರಕ್ಷರದ ಸರಗಳು ಒಟ್ಟು 6 ಕೋಟಿ 40 ಲಕ್ಷ. ಒಂದು ಪ್ರೋಟೀನಿನ ಉದ್ದ ಸುಮಾರು ಮುನ್ನೂರು ಅಕ್ಷರ ಎಂದಿಟ್ಟುಕೊಂಡರೆ, ಎರಡು ಲಕ್ಷ ಚಿಲ್ಲರೆ ಪ್ರೋಟೀನುಗಳನ್ನು ಜಾಲಾಡುವಷ್ಟರಲ್ಲಿ ಇಂಥ ಯಾವುದೇ ಸರ ಸರಾಸರಿ ಒಮ್ಮೆ ತಾನಾಗಿಯೇ ಎದುರಾಗುತ್ತದೆ. ಇಂದಿನ ಡೇಟಾಬೇಸ್‌ಗಳಲ್ಲಿರುವುದು ಕೋಟಿಗಟ್ಟಲೆ ಪ್ರೋಟೀನು. ಅದರಲ್ಲೂ ಎಚ್‌ಐವಿ ಬೇಗ ಬೇಗ ರೂಪ ಬದಲಿಸುವ ವೈರಸ್. ಅದರ ಹೊರಕವಚದ ಅಸಂಖ್ಯ ರೂಪಗಳು ಅಲ್ಲಿ ದಾಖಲಾಗಿವೆ. ಹುಡುಕಿದವರಿಗೆ ಆ ಆರಕ್ಷರ ಸಿಗದಿದ್ದರೆ ಅಚ್ಚರಿಪಡಬೇಕಿತ್ತು. ತುಣುಕುಗಳು ಹೊಸವೆಂಬ ಮಾತೂ ಪೂರ್ತಿ ನಿಲ್ಲದು: ಆ ನಾಲ್ಕರಲ್ಲಿ ಮೊದಲ ಮೂರು ಚೀನಾದ ಯುನ್ನಾನ್ ಪ್ರಾಂತ್ಯದ ಬಾವಲಿಯಲ್ಲಿ ಸಿಕ್ಕ ವೈರಸ್‌ನಲ್ಲೂ ಇದ್ದವು.

ಇಂಥ ಹುಡುಕಾಟಕ್ಕೆ ಬಳಸುವ ಬ್ಲಾಸ್ಟ್ ತಂತ್ರಾಂಶ 1990ರಲ್ಲಿ ಬಂತು. ಅದಕ್ಕಿಂತ ಮೊದಲಿನ ಸ್ಮಿತ್-ವಾಟರ್‌ಮನ್ ವಿಧಾನ ನಿಖರ, ಆದರೆ ನಿಧಾನ. ಬ್ಲಾಸ್ಟ್ ಮೊದಲು ಪುಟ್ಟ ಹೊಂದಿಕೆಗಳನ್ನು ಹಿಡಿದು, ಅಲ್ಲಿಂದ ಎರಡೂ ಬದಿಗೆ ಬೆಳೆಸುತ್ತ ಹೋಗುತ್ತದೆ. ಅದರ ದೊಡ್ಡ ಕೊಡುಗೆ ಈ ವೇಗಕ್ಕಿಂತ ಇ-ವ್ಯಾಲ್ಯೂ ಎಂದೇ ನನ್ನ ಎಣಿಕೆ. ಇಷ್ಟು ದೊಡ್ಡ ಡೇಟಾಬೇಸಿನಲ್ಲಿ ಇಷ್ಟೇ ಒಳ್ಳೆಯ ಹೊಂದಿಕೆ ಬರೀ ಆಕಸ್ಮಿಕವಾಗಿ ಎಷ್ಟು ಸಿಕ್ಕೀತು ಎಂಬುದನ್ನು ಆ ಸಂಖ್ಯೆ ಹೇಳುತ್ತದೆ. ಡೇಟಾಬೇಸ್ ದುಪ್ಪಟ್ಟಾದರೆ ಅದೂ ದುಪ್ಪಟ್ಟಾಗುತ್ತದೆ. ತೀರಾ ಚಿಕ್ಕ ಸರ ಕೊಟ್ಟರೆ ಬ್ಲಾಸ್ಟ್ ಜಾಲತಾಣ ಈ ಸಂಖ್ಯೆಯ ಮಿತಿಯನ್ನು ತಾನೇ ಸಡಿಲಿಸಿ ಏನಾದರೊಂದನ್ನು ತೋರಿಸುತ್ತದೆ. ತೆರೆಯ ಮೇಲೆ ಹೆಸರು ಬಂದ ಮಾತ್ರಕ್ಕೆ ಹಿಗ್ಗುವವರು ಎಡವುವುದು ಇಲ್ಲಿಯೇ.

ಹೋಲಿಕೆಯಿಂದ ನಿಜವಾದ ನಂಟು ಹೊಳೆದದ್ದೂ ಉಂಟು. 1983ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿ ರಸೆಲ್ ಡೂಲಿಟಲ್ ತಾವೇ ಕಲೆಹಾಕಿದ್ದ ಪ್ರೋಟೀನು ಸರಗಳ ಸಂಗ್ರಹದಲ್ಲಿ ಹುಡುಕಿದಾಗ, ಮಂಗಗಳಲ್ಲಿ ಕ್ಯಾನ್ಸರ್ ತರುವ ವೈರಸ್ಸೊಂದರ ಜೀನು ನಮ್ಮದೇ ರಕ್ತದ ಪ್ಲೇಟ್‌ಲೆಟ್‌ಗಳ ಬೆಳವಣಿಗೆ ಅಂಶಕ್ಕೆ ಹೊಂದಿತು. ಅಲ್ಲಿ ಹೊಂದಿದ್ದು ಐದಾರು ಅಕ್ಷರವಲ್ಲ, ಉದ್ದನೆಯ ಸರ. ಗಾಯ ಮಾಗಿಸಲು ನೆರವಾಗುವ ಪ್ರೋಟೀನಿನ ಜೀನು ಹಿಡಿತ ತಪ್ಪಿದರೆ ಗಡ್ಡೆ ಬೆಳೆಸಬಲ್ಲದು ಎಂಬ ತಿಳಿವಳಿಕೆಗೆ ಅದು ದಾರಿ ತೆರೆಯಿತು.

ಬ್ಲಾಸ್ಟ್ ಸಲಕರಣೆ ಉಚಿತ. ಇಂಟರ್ನೆಟ್ ಇದ್ದರೆ ಹಳ್ಳಿಯ ಕಾಲೇಜಿಗೂ ಎಟಕುತ್ತದೆ. ಅದು ಹಾಗೆಯೇ ಇರಬೇಕು. ಬಳಸಲು ಕಲಿಸುವಾಗ ಲೆಕ್ಕವನ್ನೂ ಕಲಿಸಬೇಕು, ಅಷ್ಟೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಹೊಂದಿಕೆಯ ಪ್ರಿಂಟ್‌ಔಟ್‌ಗೆ ಅಂಕ ಕೊಡುವ ಮುನ್ನ ಅದೇ ಸರದ ಅಕ್ಷರಗಳನ್ನು ಕಲಸಿ ಮತ್ತೆ ಹುಡುಕಿಸಬೇಕು. ಟಿ, ಎನ್, ಜಿ, ಟಿ, ಕೆ, ಆರ್ ಅನ್ನು ಹೇಗೆ ಕಲಸಿದರೂ ಯಾವುದಾದರೂ ಜೀವಿಯ ಹೆಸರು ಬಂದೇ ಬರುತ್ತದೆ. ಅದೇಕೆಂದು ವಿದ್ಯಾರ್ಥಿ ವಿವರಿಸಿದ ಮೇಲೆ ಅಂಕ ಬೀಳಲಿ.