ಕೊಡದ ಹೆಲ್ಮೆಟ್ಟಿನ ತಕರಾರು

‘ಹೆಲ್ಮೆಟ್ ಹಾಕದೆ ಸಾರುವೆ ಏರಿ ಬಿದ್ದವನಿಗೆ ಬಿಲ್ಡರ್ ಯಾಕೆ ಪರಿಹಾರ ಕೊಡಬೇಕು?’ ಎಂದು ಕಳೆದ ವಾರದ ಲೇಖನ ಕೇಳಿದೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲೇ ಉತ್ತರವಿತ್ತು. ಕೆಲಸದ ನಡುವೆ, ಕೆಲಸದ ಕಾರಣಕ್ಕೆ ಪೆಟ್ಟಾದರೆ ಪರಿಹಾರ ಮಾಲೀಕನ ಹೊಣೆ. ಅವನ ತಪ್ಪನ್ನು ಕಾರ್ಮಿಕ ಸಾಬೀತು ಮಾಡಬೇಕಿಲ್ಲ. ಕುಡಿದಿದ್ದ, ಬೇಕೆಂದೇ ಸುರಕ್ಷಾ ಸಾಧನ ತೆಗೆದಿಟ್ಟ ಎಂಬಂಥ ವಿನಾಯಿತಿಗಳಿವೆ, ನಿಜ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಅವೂ ನಡೆಯವು. ಅದಿರಲಿ, ಕೊಡದ ಹೆಲ್ಮೆಟ್ಟನ್ನು ಅವನು ತೆಗೆದಿಟ್ಟದ್ದಾದರೂ ಹೇಗೆ?

‘ಅವನು ಮೇಸ್ತ್ರಿಯ ಆಳು, ನಮ್ಮವನಲ್ಲ’ ಎಂಬ ಹಳೆಯ ವರಸೆಯೂ ಅಲ್ಲಿದೆ. ಗುತ್ತಿಗೆದಾರನ ಮೂಲಕ ದುಡಿಸಿಕೊಂಡರೂ ಮೂಲ ಮಾಲೀಕ ಪರಿಹಾರ ಕೊಡಲೇಬೇಕು. ಬೇಕಿದ್ದರೆ ಆಮೇಲೆ ಮೇಸ್ತ್ರಿಯಿಂದ ವಸೂಲಿ ಮಾಡಿಕೊಳ್ಳಲಿ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ.

ಪರಿಹಾರ ‘ಲಾಟರಿ’ಯಂತೆ! ಲೆಕ್ಕ ಹಾಕೋಣ. ಗಾರೆ ಕೆಲಸದವನು ತಿಂಗಳಿಗೆ 25,000 ರೂಪಾಯಿ ದುಡಿಯುತ್ತಿದ್ದರೂ, 2020ರ ಅಧಿಸೂಚನೆಯಂತೆ ಲೆಕ್ಕಕ್ಕೆ ಬರುವುದು 15,000 ಮಾತ್ರ. ಸತ್ತರೆ ಅದರ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. 30 ವರ್ಷದವನಿಗೆ ಆ ಗುಣಕ 207.98. ಬರುವುದು 15,59,850 ರೂಪಾಯಿ. ಬೆಂಗಳೂರಿನಲ್ಲಿ ಅವನು ಕಟ್ಟುತ್ತಿದ್ದ ಫ್ಲ್ಯಾಟಿನ ಅಡುಗೆಮನೆ ಇಷ್ಟಕ್ಕೆ ಸಿಕ್ಕರೆ ಹೆಚ್ಚು.

ಲೇಖಕರು ಮುಟ್ಟದ ವಿಷಯ ಬೇರೆಯೇ ಇದೆ. ವಿಧವೆಯಿಂದ ಸ್ಟಾಂಪ್ ಪೇಪರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು, ಕೈಗೆ ಒಂದಿಷ್ಟು ನೋಟು ಇಟ್ಟು ‘ಸೆಟಲ್’ ಮಾಡುವುದು. ಸಾವಿನ ಪರಿಹಾರವನ್ನು ಸಂಬಂಧಪಟ್ಟ ಅಧಿಕಾರಿಯ ಬಳಿ ಠೇವಣಿ ಇಡಬೇಕು. ನೇರ ಕೈಗಿಟ್ಟದ್ದನ್ನು ಕಾನೂನು ಪರಿಹಾರದ ಪಾವತಿಯೆಂದು ಒಪ್ಪುವುದಿಲ್ಲ. ತಿಂಗಳು ಮೀರಿದರೆ ಶೇ 12ರ ಬಡ್ಡಿ, ತಡಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಶೇ 50ರವರೆಗೆ ದಂಡ.