ಏರುಹಾದಿಯ ಪರವಾಗಿ

"ದೇಶ ಸುತ್ತಬೇಕು, ಕೋಶ ಓದಬೇಕು" ಎಂದು ಹಿರಿಯರು ಹೇಳಿದ್ದಾರೆ. ಹೇಗೆ ಸುತ್ತಬೇಕೆಂಬುದನ್ನು ಮಾತ್ರ ಅವರು ಹೇಳಿಲ್ಲ. ಅವರ ಕಾಲಕ್ಕೆ ಅದು ಕೇಳಬೇಕಾದ ಪ್ರಶ್ನೆಯೇ ಆಗಿರಲಿಲ್ಲ. ಕಾಲುಳ್ಳವನು ನಡೆದನು, ಎತ್ತುಳ್ಳವನು ಗಾಡಿ ಹೂಡಿದನು. ಈಗ ನಮ್ಮ ಮುಂದೆ ಹತ್ತು ಬಗೆಯ ವಾಹನಗಳಿವೆ. ಹೋಗುವ ಊರಿಗಿಂತ ಹೋಗುವ ವೇಗವೇ ದೊಡ್ಡ ಮಾತಾಗಿದೆ. ಇಂಥ ಕಾಲದಲ್ಲಿ, ಬೇಗ ಮುಗಿಯದ ಒಂದು ಹಾದಿಯ ಪರವಾಗಿ ನಾಲ್ಕು ಮಾತು ಬರೆಯಲು ಹೊರಟಿದ್ದೇನೆ. ಆ ಹಾದಿ ಇರುವುದು ಇಟಲಿಯ ಟಸ್ಕನಿ ಪ್ರಾಂತದಲ್ಲಿ, ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವಣ ಹಾಗೂ ಅವುಗಳ ದಕ್ಷಿಣದ ಗುಡ್ಡಗಾಡಿನಲ್ಲಿ.

ಮೊದಲೇ ಒಂದು ಮಾತನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು ಇಟಲಿಯನ್ನು ಕಂಡವನಲ್ಲ. ಕಂಡಿರುವುದು ಭೂಪಟದ ಗೆರೆಗಳನ್ನು, ಪುಸ್ತಕಗಳಲ್ಲಿನ ಚಿತ್ರಗಳನ್ನು, ಮತ್ತು ಪ್ರತಿ ಮಾರ್ಚ್ ತಿಂಗಳಲ್ಲಿ ಸಿಯೆನಾದಲ್ಲಿ ನಡೆಯುವ ಬೈಸಿಕಲ್ ಪಂದ್ಯದ ದೃಶ್ಯಗಳನ್ನು. ಆದರೆ ಏರುಹಾದಿಯನ್ನು ಮಾತ್ರ ಬಲ್ಲೆ. ಎಂಟನೆಯ ತರಗತಿಯಲ್ಲಿದ್ದಾಗ ಸರ್ಕಾರದವರು ಕೊಟ್ಟ ಸೈಕಲ್ಲೇ ಇಂದಿಗೂ ನನ್ನ ವಾಹನ. ಗೇರಿಲ್ಲದ ಆ ಭಾರದ ಸೈಕಲ್ಲಿನಲ್ಲಿ ನಮ್ಮೂರ ದಿಣ್ಣೆಯನ್ನು ದಿನವೂ ಹತ್ತಿದವನಿಗೆ, ಬೇರೆ ದೇಶದ ದಿಣ್ಣೆಯ ಕಷ್ಟವನ್ನು ಊಹಿಸಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ.

ಈ ಲೇಖನ ಹುಟ್ಟಿದ್ದು ಹಾಸ್ಟೆಲಿನ ಒಂದು ಚರ್ಚೆಯಿಂದ. ಗೆಳೆಯನ ಮೊಬೈಲಿನಲ್ಲಿ ಆ ಪಂದ್ಯವನ್ನು ನೋಡುತ್ತಿದ್ದೆವು. ಸವಾರರು ಡಾಂಬರು ಕಾಣದ ರಸ್ತೆಯಲ್ಲಿ ಬಿಳಿಯ ಧೂಳನ್ನು ಎಬ್ಬಿಸುತ್ತ ಗುಡ್ಡ ಹತ್ತುತ್ತಿದ್ದರು. ಆ ರಸ್ತೆಗಳಿಗೆ ಬೇಕೆಂದೇ ಡಾಂಬರು ಹಾಕದೆ ಉಳಿಸಿಕೊಂಡಿದ್ದಾರೆಂದು ನಾನು ಹೇಳಿದೆ. ಗೆಳೆಯನು ನಕ್ಕು, "ಅಲ್ಲಯ್ಯ, ಇದು ಹೊಟ್ಟೆ ತುಂಬಿದವರ ಆಟ. ನಮ್ಮೂರಿಗೆ ಡಾಂಬರು ಬರಲಿ ಎಂದು ನಮ್ಮಪ್ಪ ಎಷ್ಟು ಅರ್ಜಿ ಬರೆದಿದ್ದಾರೆ ಗೊತ್ತೆ? ಅವರು ಇರುವ ಸೌಕರ್ಯವನ್ನು ಬೇಡವೆನ್ನುತ್ತಾರೆ, ನೀನು ಅದನ್ನು ಮೆಚ್ಚುತ್ತೀ" ಎಂದನು. ಆ ರಾತ್ರಿ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಷ್ಟನ್ನು ಬರೆಯುತ್ತೇನೆ.

ಆ ಹಾದಿಗಳು ಹಾಗೇಕೆ ಇವೆಯೆಂಬುದನ್ನು ಮೊದಲು ತಿಳಿಯಬೇಕು. ಕಿಯಾಂತಿ ಎಂಬುದು ಸಣ್ಣ ಸಣ್ಣ ಗುಡ್ಡಗಳ ನಾಡು. ಮೆಡಿಟರೇನಿಯನ್ ಹವೆಯ ಪ್ರದೇಶ; ಬೇಸಿಗೆಯಲ್ಲಿ ಒಣಗುತ್ತದೆ, ಮಳೆ ಬೀಳುವುದು ಹೆಚ್ಚಾಗಿ ಚಳಿಗಾಲದ ಕಡೆಗೆ. ದ್ರಾಕ್ಷಿ, ಆಲಿವ್, ಕಂಬದಂತೆ ನೆಟ್ಟಗೆ ನಿಂತ ಸೈಪ್ರೆಸ್ ಮರಗಳು ಅಲ್ಲಿನ ಗುರುತು. ಊರುಗಳು ಗುಡ್ಡದ ನೆತ್ತಿಯ ಮೇಲಿವೆ. ಫ್ಲಾರೆನ್ಸ್ ಮತ್ತು ಸಿಯೆನಾ ಶತಮಾನಗಳ ಕಾಲ ಒಂದಕ್ಕೊಂದು ಹಗೆಯಾಗಿದ್ದಾಗ, ಎತ್ತರದಲ್ಲಿ ಗೋಡೆ ಕಟ್ಟಿಕೊಂಡು ಬಾಳುವುದೇ ಕ್ಷೇಮವಾಗಿತ್ತು. ಆದುದರಿಂದ ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವವನು ಇಳಿದು ಹತ್ತಲೇಬೇಕು.

ಈ ಹಗೆಗೆ ಸಂಬಂಧಿಸಿದ ಒಂದು ದಂತಕಥೆಯುಂಟು. ಎರಡು ನಗರಗಳ ಗಡಿಯನ್ನು ಗೊತ್ತುಮಾಡಲು, ಕೋಳಿ ಕೂಗಿದೊಡನೆ ಎರಡೂ ಕಡೆಯಿಂದ ಒಬ್ಬೊಬ್ಬ ಕುದುರೆ ಸವಾರನು ಹೊರಡುವುದೆಂದೂ, ಅವರು ಸಂಧಿಸಿದ ಸ್ಥಳವೇ ಗಡಿಯೆಂದೂ ಒಪ್ಪಂದವಾಯಿತಂತೆ. ಸಿಯೆನಾದವರು ತಮ್ಮ ಬಿಳಿಯ ಹುಂಜಕ್ಕೆ ಚೆನ್ನಾಗಿ ತಿನ್ನಿಸಿದರು. ಫ್ಲಾರೆನ್ಸಿನವರು ತಮ್ಮ ಕರಿಯ ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜವು ಬೆಳಕು ಹರಿಯುವ ಮೊದಲೇ ಕೂಗಿತು. ಫ್ಲಾರೆನ್ಸಿನ ಸವಾರನು ಬಹುದೂರ ಬಂದು, ಸಿಯೆನಾಕ್ಕೆ ಹನ್ನೆರಡು ಕಿಲೋಮೀಟರಿನಷ್ಟು ಸಮೀಪದ ಫೊಂತೆರೂತೊಲಿಯಲ್ಲಿ ಎದುರಾಳಿಯನ್ನು ಕಂಡನು. ಕಿಯಾಂತಿಯ ಬಹುಭಾಗ ಫ್ಲಾರೆನ್ಸಿಗೆ ಸೇರಿತು. ಅಲ್ಲಿಯ ದ್ರಾಕ್ಷಾರಸದ ಸೀಸೆಗಳ ಮೇಲೆ ಆ ಕರಿಯ ಹುಂಜ ಇಂದಿಗೂ ನಿಂತಿದೆ.

ಆದರೆ ಹಾದಿಗಳನ್ನು ಸವೆಸಿದವರು ಕುದುರೆ ಸವಾರರಲ್ಲ, ರೈತರು. ಟಸ್ಕನಿಯಲ್ಲಿ ಬಹುಕಾಲ ನಡೆದುಬಂದದ್ದು 'ಮೆದ್ಸಾದ್ರಿಯಾ' ಎಂಬ ಪಾಲಿನ ಬೇಸಾಯ. ನೆಲ ಧಣಿಯದು, ದುಡಿಮೆ ರೈತನ ಕುಟುಂಬದ್ದು, ಬೆಳೆಯಲ್ಲಿ ಅರ್ಧರ್ಧ ಪಾಲು. ನಮ್ಮಲ್ಲಿ ವಾರಕ್ಕೆ ಮಾಡುವುದೆನ್ನುತ್ತಾರಲ್ಲ, ಅದರ ಬಳಗ. ಎತ್ತಿನ ಗಾಡಿಗಳು ಧಣಿಯ ಮನೆಗೆ ದ್ರಾಕ್ಷಿಯನ್ನೂ ಎಣ್ಣೆಯನ್ನೂ ಧಾನ್ಯವನ್ನೂ ಸಾಗಿಸಿದ ಹಾದಿಗಳಿವು. ಸುಣ್ಣದ ಅಂಶವುಳ್ಳ ಜಲ್ಲಿಯನ್ನು ಹರಡಿದ್ದರಿಂದ ಅವು ಬಿಳಿಯಾಗಿ ಕಾಣುತ್ತವೆ. ಜನ ಅವನ್ನು 'ಸ್ತ್ರಾದೆ ಬಿಯಾಂಕೆ', ಅಂದರೆ ಬಿಳಿಯ ರಸ್ತೆಗಳು ಎಂದು ಕರೆಯುತ್ತಾರೆ. ಎರಡನೆಯ ಮಹಾಯುದ್ಧದ ತರುವಾಯ ರೈತರು ಗುಂಪುಗುಂಪಾಗಿ ಹೊಲ ಬಿಟ್ಟು ಪಟ್ಟಣಗಳ ಕಾರ್ಖಾನೆಗಳಿಗೆ ಹೋದರು. 1964ರ ಕಾನೂನು ಹೊಸದಾಗಿ ಇಂಥ ಪಾಲಿನ ಕರಾರುಗಳನ್ನು ಮಾಡಿಕೊಳ್ಳುವುದನ್ನು ನಿಷೇಧಿಸಿತು. ಮನೆಗಳು ಬರಿದಾದವು, ಹಾದಿಗಳು ಉಳಿದವು. ಉಳಿದವು ಕೂಡ ಒಂದೊಂದಾಗಿ ಡಾಂಬರಿನ ಅಡಿ ಸೇರತೊಡಗಿದವು.

ಆಗ ಗಾಯೋಲೆ ಎಂಬ ಸಣ್ಣ ಊರಿನಲ್ಲಿ ಜಂಕಾರ್ಲೋ ಬ್ರೋಚ್ಚಿ ಎಂಬವರಿಗೆ ಒಂದು ಯೋಚನೆ ಬಂದಿತು. ಈ ರಸ್ತೆಗಳನ್ನು ಉಳಿಸಬೇಕೆಂದು ಬರಿಯ ಭಾಷಣ ಮಾಡಿದರೆ ಯಾರು ಕೇಳುತ್ತಾರೆ? ಅವುಗಳ ಮೇಲೆ ಜನರನ್ನು ಓಡಾಡಿಸಬೇಕು. 1997ರಲ್ಲಿ ಅವರು 'ಲೆರೋಯಿಕಾ' ಎಂಬ ಸೈಕಲ್ ಯಾತ್ರೆಯನ್ನು ಆರಂಭಿಸಿದರು. ಮೊದಲ ವರ್ಷ ಬಂದ ಸವಾರರು 92 ಮಂದಿ. ಮುಂದೆ ಅದು ಸಾವಿರಾರು ಜನರ ಹಬ್ಬವಾಯಿತು. ಪ್ರತಿ ವರ್ಷ ಅಕ್ಟೋಬರಿನಲ್ಲಿ, ದ್ರಾಕ್ಷಿಯ ಕೊಯ್ಲು ಮುಗಿಯುವ ವೇಳೆಗೆ, ಇದು ನಡೆಯುತ್ತದೆ. ನಿಯಮ ವಿಚಿತ್ರವಾದದ್ದು: ಸೈಕಲ್ಲು 1987ಕ್ಕಿಂತ ಈಚಿನದಾಗಿರಕೂಡದು. ಗೇರಿನ ಸನ್ನೆ ಚೌಕಟ್ಟಿನ ಕೊಳವೆಯ ಮೇಲಿರಬೇಕು, ಬ್ರೇಕಿನ ತಂತಿ ಹ್ಯಾಂಡಲಿನ ಹೊರಗೆ ಕಾಣುತ್ತಿರಬೇಕು. ಗೆದ್ದವನೆಂದು ಯಾರನ್ನೂ ಕರೆಯುವುದಿಲ್ಲ.

ಅತಿ ಉದ್ದನೆಯ ದಾರಿ ಸುಮಾರು 209 ಕಿಲೋಮೀಟರು. ನಸುಕಿನ ಕತ್ತಲಿನಲ್ಲಿಯೇ ಗಾಯೋಲೆಯಿಂದ ಹೊರಟವರಿಗೆ ಮೊದಲು ಎದುರಾಗುವುದು ಬ್ರೋಲಿಯೋ ಕೋಟೆಯ ಏರು. ಇದು 1861ರಲ್ಲಿ ಇಟಲಿಯ ಎರಡನೆಯ ಪ್ರಧಾನಿಯಾದ ಬೆತ್ತೀನೋ ರಿಕಾಸೋಲಿಯವರ ಮನೆತನದ ಕೋಟೆ. ಸೈಪ್ರೆಸ್ ಮರಗಳ ನಡುವೆ ಬಿಳಿಯ ಹಾದಿ ಸುತ್ತುತ್ತ ಏರುತ್ತದೆ. ಆಮೇಲೆ ಸಿಯೆನಾವನ್ನು ಬಳಸಿ ದಕ್ಷಿಣಕ್ಕೆ ಹೋದರೆ ದೂರದ ಗುಡ್ಡದ ಮೇಲೆ ಮೊಂತಾಲ್ಚೀನೋ. ಅಲ್ಲಿಂದ ಹಿಂದಿರುಗುವಾಗ ಅಶಾನೋ ಊರಿನ ಸುತ್ತ 'ಕ್ರೇತೆ ಸೆನೇಸಿ' ಎಂಬ ಜೇಡಿಮಣ್ಣಿನ ನಾಡು. ಮರ ಕಡಿಮೆ, ನೆರಳಿಲ್ಲ. ಬೂದುಬಣ್ಣದ ಬೋಳು ಗುಡ್ಡಗಳು ಅಲೆಯಲೆಯಾಗಿ ಹಬ್ಬಿವೆ. ಇಲ್ಲಿಯ ಮೊಂತೆ ಸಾಂತೆ ಮರೀಯೆ ಎಂಬ ಬಿಳಿಹಾದಿ 11 ಕಿಲೋಮೀಟರಿಗೂ ಮಿಕ್ಕಿದ್ದು. ಕಡಿದಾಗಿ ಇಳಿದು ಅಷ್ಟೇ ಕಡಿದಾಗಿ ಏರುತ್ತದೆ. ಜಲ್ಲಿಯ ಮೇಲೆ ಇಳಿಯುವಾಗ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದವನು ನೆಲಕ್ಕೆ ಬಿದ್ದನೆಂದೇ ಲೆಕ್ಕ. ನಡುನಡುವೆ ತಂಗುವಲ್ಲಿ 'ರಿಬೊಲ್ಲೀತಾ' ಬಡಿಸುತ್ತಾರೆ. ಹಳೆಯ ರೊಟ್ಟಿ, ಬೀನ್ಸು, ಸೊಪ್ಪು ಹಾಕಿ ಮತ್ತೆ ಕುದಿಸಿದ ಬಡ ರೈತರ ಸಾರು ಅದು. ಮರುದಿನ ಕುದಿಸಿದ ಸಾರಿಗೆ ರುಚಿ ಹೆಚ್ಚೆಂಬುದನ್ನು ನಮ್ಮ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾವು ಹಾಸ್ಟೆಲಿನಲ್ಲಿ ನೋಡಿದ್ದು ಈ ಯಾತ್ರೆಯಿಂದ ಹುಟ್ಟಿದ ವೃತ್ತಿ ಸವಾರರ ಪಂದ್ಯ. ಅದು 2007ರಲ್ಲಿ ಮೊದಲಾಯಿತು. 2015ರಿಂದ ಮಹಿಳೆಯರಿಗೂ ನಡೆಯುತ್ತಿದೆ. ಮಳೆ ಬಂದರೆ ಬಿಳಿಯ ಧೂಳೆಲ್ಲ ಕೆಸರಾಗುತ್ತದೆ. 2018ರಲ್ಲಿ ಹಾಗೆಯೇ ಆಗಿ, ಸವಾರರ ಮುಖ ಗುರುತು ಸಿಗದಂತಿತ್ತು. ಕೊನೆಗೆ ಸಿಯೆನಾದ ಕಲ್ಲುಹಾಸಿನ ಓಣಿಯೊಂದು ನೂರಕ್ಕೆ ಹದಿನಾರರಂತೆ ಏರುತ್ತದೆ. ಅದನ್ನು ದಾಟಿದವನು ಚಿಪ್ಪಿನಾಕಾರದ 'ಕಾಂಪೋ' ಚೌಕಕ್ಕೆ ಬಂದು ನಿಲ್ಲುತ್ತಾನೆ.

ಇಷ್ಟು ಕಷ್ಟ ಯಾತಕ್ಕೆ? ಸ್ವಲ್ಪ ಲೆಕ್ಕ ಹಾಕೋಣ. ಸವಾರ ಮತ್ತು ಸೈಕಲ್ಲು ಸೇರಿ 80 ಕಿಲೋಗ್ರಾಂ ತೂಗಿದರೆ, ನೂರಕ್ಕೆ ಆರರ ಏರನ್ನು ಗಂಟೆಗೆ 10 ಕಿಲೋಮೀಟರು ವೇಗದಲ್ಲಿ ಹತ್ತಲು ಎತ್ತರಕ್ಕೊಯ್ಯುವ ಕೆಲಸವೊಂದಕ್ಕೇ ಸುಮಾರು 130 ವ್ಯಾಟ್ ಶಕ್ತಿ ಬೇಕು. ತರಗತಿಯಲ್ಲಿ ನಮ್ಮ ತಲೆಯ ಮೇಲೆ ತಿರುಗುವ ಎರಡು ಹಳೆಯ ಪಂಖಗಳನ್ನು ಕಾಲಿನಿಂದ ತಿರುಗಿಸಿದಂತೆ. ಆದರೆ ಆ ಹತ್ತು ಕಿಲೋಮೀಟರು ವೇಗದಲ್ಲಿ ಕಾಣುವುದು ಬೇರೆ. ಮಣ್ಣು ಬೂದಿಯಿಂದ ಕೆಂಪಿಗೆ ತಿರುಗಿದ್ದು, ಗಾಳಿ ಬದಲಾದದ್ದು, ಯಾರ ಬೇಲಿ ಮುರಿದಿದೆಯೆಂಬುದು, ಯಾವ ಮನೆಗೆ ಬೀಗ ಬಿದ್ದಿದೆಯೆಂಬುದು, ಎಲ್ಲವೂ ಕಾಣುತ್ತದೆ. "ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ" ಎನ್ನುತ್ತೇವೆ. ಕಾರಿನ ಗಾಜಿನೊಳಗಿಂದ ನೋಡಿದರೆ ಹತ್ತಿರದ ಬೆಟ್ಟವೂ ನುಣ್ಣಗೇ ಕಾಣುತ್ತದೆ. ಅದರ ಒರಟನ್ನು ಅರಿಯುವುದು ಕಾಲು ಮಾತ್ರ.

ಇನ್ನು ಗೆಳೆಯನ ಆಕ್ಷೇಪಕ್ಕೆ ಬರುತ್ತೇನೆ. ಅದನ್ನು ಹಗುರವಾಗಿ ತಳ್ಳಿಹಾಕಲು ನನ್ನಿಂದಾಗದು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮಳೆಗಾಲದ ರಾತ್ರಿ ನಮ್ಮಜ್ಜಿಗೆ ಉಸಿರಾಟದ ತೊಂದರೆಯಾಯಿತು. ಕರೆಸಿದ ಆಂಬುಲೆನ್ಸು ಕೆರೆ ಏರಿಯ ಕೆಸರಿನಲ್ಲಿ ಹೂತುಹೋಯಿತು. ಚಿಕ್ಕಪ್ಪನೂ ನೆರೆಯವರೂ ಅಜ್ಜಿಯನ್ನು ಮಂಚದ ಮೇಲೆ ಹೊತ್ತು ಅಲ್ಲಿಯವರೆಗೆ ನಡೆದರು. ನಾನು ಟಾರ್ಚು ಹಿಡಿದು ಮುಂದೆ ಹೋದೆ. ಅಜ್ಜಿ ಉಳಿದರು. ಎರಡು ವರ್ಷದ ಮೇಲೆ ಆ ಹಾದಿಗೆ ಡಾಂಬರು ಬಂದಾಗ ಊರೆಲ್ಲ ಸಂತೋಷಪಟ್ಟಿತು, ನಾನೂ ಸಂತೋಷಪಟ್ಟೆ. ಮಣ್ಣಿನ ರಸ್ತೆಯೆಂದರೆ ಕಾವ್ಯವೆಂದು ನನ್ನೆದುರು ಯಾರಾದರೂ ಹೇಳಿದರೆ ನಾನು ಆ ರಾತ್ರಿಯನ್ನು ನೆನೆಯುತ್ತೇನೆ.

ಆದರೆ ಯೋಚಿಸಿದಂತೆಲ್ಲ ಒಂದು ಭೇದ ಸ್ಪಷ್ಟವಾಯಿತು. ಅಲಕ್ಷ್ಯದಿಂದ ಕೆಟ್ಟ ಹಾದಿ ಬೇರೆ, ಅಕ್ಕರೆಯಿಂದ ಉಳಿಸಿದ ಹಾದಿ ಬೇರೆ. ಬಿಳಿಯ ರಸ್ತೆ ತಾನಾಗಿ ಉಳಿಯುವುದಿಲ್ಲ. ಮಳೆಗೆ ಕೊಚ್ಚಿದ ಜಲ್ಲಿಯನ್ನು ಮತ್ತೆ ಹರಡಬೇಕು, ಅಂಚಿನ ಚರಂಡಿಯನ್ನು ಬಿಡಿಸಬೇಕು, ಗುಂಡಿಯನ್ನು ಮುಚ್ಚಬೇಕು. ನಮ್ಮ ಕೆರೆ ಏರಿಯ ಹಾದಿಗೆ ಇದಾವುದನ್ನೂ ಯಾರೂ ಮಾಡಿರಲಿಲ್ಲ. ಅಂದು ಅಜ್ಜಿಗೆ ಅಡ್ಡಬಂದದ್ದು ಮಣ್ಣಲ್ಲ, ನಮ್ಮ ಅಲಕ್ಷ್ಯ. ಊರಿಗೆ ಬೇಕಾದ ದೊಡ್ಡ ರಸ್ತೆಗೆ ಡಾಂಬರು ಬರಲಿ. ಕಿಯಾಂತಿಯಲ್ಲಿಯೂ ಅಂಥ ರಸ್ತೆಗಳಿವೆ. ಆದರೆ ಎಲ್ಲ ಹಾದಿಗಳೂ ವೇಗಕ್ಕಾಗಿಯೇ ಇರಬೇಕೆಂಬುದನ್ನು ನಾನು ಒಪ್ಪಲಾರೆ. ತನ್ನ ಕಾಲಿನ ಬಲದಿಂದ ಹೋಗುವವನಿಗೂ ನಾಡಿನಲ್ಲಿ ಒಂದಷ್ಟು ಹಾದಿ ಉಳಿದಿರಬೇಕು, ಅದು ಚೆನ್ನಾಗಿಯೂ ಇರಬೇಕು.

ಏರುಹಾದಿಯಲ್ಲಿ ಗಳಿಸಿದ ಬಲ ಬರಿಯ ಆಟಕ್ಕೆ ಮುಗಿಯುತ್ತದೆಯೆ? ಇದಕ್ಕೆ ಉತ್ತರವಾಗಿ ಒಬ್ಬರ ಹೆಸರನ್ನು ಹೇಳುತ್ತೇನೆ. ಜೀನೋ ಬಾರ್ತಾಲಿ 1914ರಲ್ಲಿ ಫ್ಲಾರೆನ್ಸಿನ ಬಳಿಯ ಪೊಂತೆ ಆ ಏಮಾ ಎಂಬಲ್ಲಿ ಹುಟ್ಟಿದವರು. ಟಸ್ಕನಿಯ ಈ ಗುಡ್ಡಗಳೇ ಅವರ ಗರಡಿಮನೆ. 1938ರಲ್ಲಿಯೂ, ಹತ್ತು ವರ್ಷದ ತರುವಾಯ 1948ರಲ್ಲಿಯೂ ಅವರು 'ಟೂರ್ ದ ಫ್ರಾನ್ಸ್' ಪಂದ್ಯವನ್ನು ಗೆದ್ದರು. ಆ ಎರಡು ಗೆಲುವುಗಳ ನಡುವೆ ಯುದ್ಧವಿತ್ತು. 1943ರಲ್ಲಿ ಜರ್ಮನರು ಇಟಲಿಯನ್ನು ಆಕ್ರಮಿಸಿ ಯಹೂದ್ಯರನ್ನು ಹಿಡಿದೊಯ್ಯತೊಡಗಿದಾಗ, ಫ್ಲಾರೆನ್ಸಿನ ಕಾರ್ಡಿನಲ್ ದಾಲ್ಲಾ ಕೋಸ್ತಾ ಅವರ ಗುಪ್ತ ಸಹಾಯ ಕಾರ್ಯದಲ್ಲಿ ಬಾರ್ತಾಲಿ ಸೇರಿಕೊಂಡರು. ಅಭ್ಯಾಸದ ಸವಾರಿಯೆಂಬ ನೆಪದಲ್ಲಿ ನೂರು ಮೈಲಿಗೂ ಮಿಕ್ಕ ದೂರದ ಅಸ್ಸೀಸಿಗೆ ಗುಡ್ಡ ಹತ್ತಿ ಇಳಿದು ಹೋಗುವರು. ಅಲ್ಲಿಯ ಒಂದು ಮುದ್ರಣಾಲಯದಲ್ಲಿ ತಯಾರಾದ ಗುರುತಿನ ಕಾಗದಗಳನ್ನು ಸೈಕಲ್ಲಿನ ಕೊಳವೆಯೊಳಗೆ ಅಡಗಿಸಿಕೊಂಡು ತರುವರು. ತಡೆದ ಸೈನಿಕರಿಗೆ ಕಂಡದ್ದು ಹೆಸರಾಂತ ಸವಾರನೊಬ್ಬ, ಅಷ್ಟೆ. 2000ದಲ್ಲಿ ತೀರಿಕೊಳ್ಳುವವರೆಗೂ ಅವರು ಇದನ್ನು ಹೇಳಿಕೊಂಡದ್ದು ಬಹಳ ಕಡಿಮೆ. 2013ರಲ್ಲಿ ಜೆರೂಸಲೇಮಿನ 'ಯಾದ್ ವಾಶೆಂ' ಸಂಸ್ಥೆ, ಯಹೂದ್ಯರನ್ನು ಕಾಪಾಡಿದ ಸತ್ಪುರುಷರ ಸಾಲಿನಲ್ಲಿ ಅವರ ಹೆಸರನ್ನು ಸೇರಿಸಿತು.

ಸೈಕಲ್ ತುಳಿದವರೆಲ್ಲ ಬಾರ್ತಾಲಿಯಾಗುವುದಿಲ್ಲ. ಆದರೆ ಬೇಸರವಿಲ್ಲದೆ ಏರನ್ನು ಹತ್ತುವ ಅಭ್ಯಾಸ ಒಬ್ಬನಲ್ಲಿದ್ದರೆ, ಅದು ಬೇಕಾದ ದಿನ ಬೇಕಾದ ಕೆಲಸಕ್ಕೆ ಒದಗುತ್ತದೆ. ಆ ಅಭ್ಯಾಸ ಹುಟ್ಟಲು ಏರು ಇರಬೇಕು.

ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಈಗ ಬೆರಳಲ್ಲಿ ಎಣಿಸುವಷ್ಟು ಸೈಕಲ್ಲುಗಳಿವೆ. ಮಿಕ್ಕ ಜಾಗವೆಲ್ಲ ಮೋಟಾರು ವಾಹನಗಳದು. ಸರ್ಕಾರ ಕೊಟ್ಟ ಸೈಕಲ್ಲುಗಳಲ್ಲಿ ಎಷ್ಟೋ ಮನೆಯ ಹಿಂದೆ ತುಕ್ಕು ಹಿಡಿಯುತ್ತಿವೆ. ದೂರದಿಂದ ಬರುವವರನ್ನು, ಮನೆಯ ಕೆಲಸ ಮುಗಿಸಿ ಓಡೋಡಿ ಬರುವ ಸೋದರಿಯರನ್ನು ನಾನು ದೂರುವುದಿಲ್ಲ. ಊರೊಳಗೇ ಇದ್ದು ಸೈಕಲ್ಲನ್ನು ಬಡತನದ ಗುರುತೆಂದು ನಾಚುವ ಮಿತ್ರರಿಗೆ ಮಾತ್ರ ಈ ಮಾತು. ಗಾಯೋಲೆಯವರು ಹಳೆಯ ಸೈಕಲ್ಲಿಗೂ ಹಳೆಯ ಹಾದಿಗೂ ನಾಚಲಿಲ್ಲ. ಆದುದರಿಂದಲೇ ಎರಡೂ ಉಳಿದವು.

ಹಾಸ್ಟೆಲಿನ ಗೆಳೆಯನಿಗೆ ಇದನ್ನೆಲ್ಲ ಓದಿ ಹೇಳಿದೆ. ಅರ್ಧ ಒಪ್ಪಿದ್ದೇನೆ, ಉಳಿದರ್ಧವನ್ನು ಹತ್ತಿ ನೋಡಿ ಹೇಳುತ್ತೇನೆ ಎಂದನು. ಪರೀಕ್ಷೆ ಮುಗಿದ ಮೇಲಿನ ಭಾನುವಾರ ಇಬ್ಬರೂ ಊರಾಚೆಯ ಗುಡ್ಡದ ದೇವಸ್ಥಾನಕ್ಕೆ ಸೈಕಲ್ಲಿನಲ್ಲಿ ಹೋಗುವುದೆಂದು ಗೊತ್ತಾಗಿದೆ. ಅವನ ಸೈಕಲ್ಲಿನ ಹಿಂದಿನ ಟಯರು ಸವೆದಿದೆ. ಅದನ್ನು ಬದಲಾಯಿಸುವುದೊಂದು ಬಾಕಿ. ಬರುವ ಮನಸ್ಸುಳ್ಳವರು ಬೆಳಗಿನ ಆರು ಗಂಟೆಗೆ ಹಾಸ್ಟೆಲಿನ ಮುಂದೆ ಸೇರಬಹುದು.